ಶಾಲೆಯ ದೂರು ಯಾರ ಮೇಜಿಗೆ?

ಕೇಳಿದ್ದು ಇನ್ನೊಂದು ಜೊತೆ ಸಮವಸ್ತ್ರ. ಒಗೆದು ಹಾಕಿದ ದಿನ ತೊಡಲು ಮಗುವಿಗೆ ಮತ್ತೊಂದು ಬಟ್ಟೆ ಬೇಕು ಎಂಬುದು ಯಾವ ತಾಯಿಗಾದರೂ ಗೊತ್ತಿರುವ ಸಂಗತಿ. ಅದನ್ನು ಸರ್ಕಾರಕ್ಕೆ ಮನವರಿಕೆ ಮಾಡಿಕೊಡಲು ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿಯೊಬ್ಬನ ಹೆಸರಿನಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎರಡು ಜೊತೆ ಸಮವಸ್ತ್ರ, ಜೊತೆಗೆ ಬೂಟು, ಕಾಲುಚೀಲ ಕೊಡಲೇಬೇಕು ಎಂದು 2019ರಲ್ಲಿ ನ್ಯಾಯಾಲಯ ಹೇಳಿತು. ಹೇಳಿದ್ದು ಆಗಲಿಲ್ಲವೆಂದು ನ್ಯಾಯಾಂಗ ನಿಂದನೆಯ ಅರ್ಜಿ ಬಂತು. 2023ರ ಜನವರಿಯಲ್ಲಿ ದ್ವಿಸದಸ್ಯ ಪೀಠ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡಾಗಲೂ ಎರಡನೆಯ ಜೊತೆಯ ಲೆಕ್ಕ ಚುಕ್ತಾ ಆಗಿರಲಿಲ್ಲ. ನಡುವೆ ಕೊರೊನಾ ಬಂದು ಶಾಲೆಗಳು ಮುಚ್ಚಿದ್ದವು ನಿಜ. ಆದರೂ 2019ರಲ್ಲಿ ಐದನೇ ತರಗತಿಯಲ್ಲಿದ್ದ ಮಗು ಅಷ್ಟು ಹೊತ್ತಿಗೆ ಎಂಟನೇ ತರಗತಿಗೆ ಬಂದಿತ್ತು. ಕೇಳಿದ ಅಳತೆಯ ಅಂಗಿ ಬಂದಿದ್ದರೂ ಮೈಗೆ ಹತ್ತುತ್ತಿರಲಿಲ್ಲ.

ಒಂದು ಅಂಗಿಗಾಗಿ ಹೈಕೋರ್ಟಿನವರೆಗೆ ಯಾಕೆ ಹೋಗಬೇಕು? ಅಷ್ಟು ದೂರ ಹೋಗದಿರಲೆಂದೇ ಕಾಯ್ದೆಯೊಳಗೆ ಒಂದು ಸಣ್ಣ ಬಾಗಿಲು ಇಡಲಾಗಿದೆ. ಆ ಬಾಗಿಲು ಇರುವುದು ಗೊತ್ತಿರುವ ಪಾಲಕರು ವಿರಳ. ಶಿಕ್ಷಕರಲ್ಲೂ ಹೆಚ್ಚಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಕನ್ನಡಿಗರ ಬಾಯಲ್ಲಿ ಅದು ‘ಆರ್‌ಟಿಇ’ ಆಯಿತು. ಆರ್‌ಟಿಇ ಎಂದರೆ ಖಾಸಗಿ ಶಾಲೆಯ ಶೇ 25 ಸೀಟು ಎಂಬಲ್ಲಿಗೆ ತಿಳಿವಳಿಕೆ ನಿಂತಿತು. 2019ರಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿ, ಸರ್ಕಾರಿ ಅಥವಾ ಅನುದಾನಿತ ಶಾಲೆ ನೆರೆಯಲ್ಲೇ ಇದ್ದರೆ ಆ ಸೀಟು ಕೊಡಬೇಕಿಲ್ಲ ಎಂದ ಮೇಲಂತೂ ಕಾಯ್ದೆಯೇ ಮುಗಿದುಹೋಯಿತೆಂದು ತಿಳಿದವರಿದ್ದಾರೆ. ಮುಗಿದಿಲ್ಲ. ಶೌಚಾಲಯ, ಕುಡಿಯುವ ನೀರು, ಆಟದ ಮೈದಾನ, ಕಾಂಪೌಂಡು, ಮಕ್ಕಳ ಸಂಖ್ಯೆಗೆ ತಕ್ಕ ಶಿಕ್ಷಕರು, ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ – ಎಲ್ಲವೂ ಅದರ ಅನುಸೂಚಿಯಲ್ಲಿವೆ. ಇವುಗಳಲ್ಲಿ ಯಾವುದು ಸಿಗದಿದ್ದರೂ ಯಾರೇ ಆಗಲಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು ಎನ್ನುತ್ತದೆ 32ನೇ ಸೆಕ್ಷನ್. ದೂರು ಬಂದ ಮೇಲೆ ಎರಡೂ ಕಡೆಯವರ ಮಾತು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಒಪ್ಪಿಗೆಯಾಗದವರು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ವಕೀಲರು ಬೇಡ, ಶುಲ್ಕವಿಲ್ಲ. ಓದಿದರೆ ಇಷ್ಟು ಸರಳವಾದ ಕಾನೂನು ಇನ್ನೊಂದಿರಲಾರದು.

ತೊಡಕು ಇರುವುದು ‘ಸ್ಥಳೀಯ ಪ್ರಾಧಿಕಾರ’ ಯಾರು ಎಂಬಲ್ಲಿ. ಪಾಲಿಕೆ, ಪುರಸಭೆ, ಜಿಲ್ಲಾ ಪಂಚಾಯಿತಿ, ಗ್ರಾಮ ಪಂಚಾಯಿತಿ ಎಂದೆಲ್ಲ ಹೆಸರಿಸಿದ ಕಾಯ್ದೆ, ಶಾಲೆಯ ಮೇಲೆ ಆಡಳಿತದ ಹಿಡಿತ ಇರುವ ಪ್ರಾಧಿಕಾರವನ್ನೂ ಇದರೊಳಗೇ ಸೇರಿಸುತ್ತದೆ. ಅದೇ ಕಾಯ್ದೆಯ 9ನೇ ಸೆಕ್ಷನ್ನಿನಲ್ಲಿ ಕಟ್ಟಡ, ಶಿಕ್ಷಕರು, ಕಲಿಕಾ ಸಾಮಗ್ರಿ ಒದಗಿಸುವ ಹೊಣೆಯೂ ಇದೇ ಪ್ರಾಧಿಕಾರದ್ದು. ಅಂದರೆ ಒದಗಿಸಬೇಕಾದವರೂ ಅವರೇ, ಒದಗಿಸಲಿಲ್ಲ ಎಂಬ ದೂರನ್ನು ವಿಚಾರಿಸಬೇಕಾದವರೂ ಅವರೇ. ಅತ್ತೆಯ ಮೇಲಿನ ದೂರನ್ನು ಅತ್ತೆಯ ಕೈಗೇ ಕೊಟ್ಟು ನ್ಯಾಯ ಕೇಳಿದ ಹಾಗೆ. ಕಾಯ್ದೆ ಬರೆದವರಿಗೆ ಇದು ಹೊಳೆಯಲಿಲ್ಲವೆನ್ನಲು ಆಗದು. ಹೊಳೆದದ್ದರಿಂದಲೇ ಆಯೋಗಕ್ಕೆ ಮೇಲ್ಮನವಿ ಇಟ್ಟರು. ಆದರೆ ಆ ಆಯೋಗದ ಕೈಗೂ ಪೂರ್ತಿ ಬಲವಿಲ್ಲ. ಮಕ್ಕಳ ಹಕ್ಕುಗಳ ಆಯೋಗಗಳ 2005ರ ಕಾಯ್ದೆಯ ಪ್ರಕಾರ ಅದು ಸಿವಿಲ್ ನ್ಯಾಯಾಲಯದಂತೆ ಅಧಿಕಾರಿಯನ್ನು ಕರೆಸಬಹುದು, ಕಡತ ತರಿಸಬಹುದು, ಪ್ರಮಾಣಪತ್ರ ಬರೆಸಿಕೊಳ್ಳಬಹುದು. ಕೊನೆಗೆ ಮಾಡಬಹುದಾದದ್ದು ಶಿಫಾರಸು, ಇಲ್ಲವೇ ಕೋರ್ಟಿಗೆ ಹೋಗುವುದು.

ತಡಮಾಡಿದರೆ ಏನು ಶಿಕ್ಷೆ? ಇಲ್ಲೊಂದು ಹೋಲಿಕೆ ಮಾಡಿ ನೋಡಬೇಕು. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದಲ್ಲಿ ಉತ್ತರ ಕೊಡದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಬೀಳಬಹುದು. ಕರ್ನಾಟಕದ ಸಕಾಲ ಕಾಯ್ದೆಯಲ್ಲಿ ಸೇವೆ ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಉಂಟು. ಶಾಲೆಗೆ ಸಂಬಂಧಿಸಿದ ದೂರನ್ನು ಮೂರು ತಿಂಗಳ ಬದಲು ಮೂರು ವರ್ಷ ಇಟ್ಟುಕೊಂಡರೆ? ಕಾಯ್ದೆ ಮೌನ. ಗಡುವು ಇದೆ, ಗಡುವು ಮೀರಿದವರಿಗೆ ಏನೂ ಇಲ್ಲ. ಅಂಥ ಗಡುವಿಗೆ ನಮ್ಮ ಕಚೇರಿಗಳು ಎಷ್ಟು ಮರ್ಯಾದೆ ಕೊಡುತ್ತವೆ ಎಂದು ಓದುಗರಿಗೆ ವಿವರಿಸಬೇಕಾಗಿಲ್ಲ.

ದೂರಿನ ಪ್ರಯಾಣದ ದಾರಿಯೂ ಎಲ್ಲರಿಗೂ ಗೊತ್ತಿರುವುದೇ. ಪಾಲಕರು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಟಪಾಲು ವಿಭಾಗದಲ್ಲಿ ಅರ್ಜಿ ಕೊಡುತ್ತಾರೆ. ಪ್ರತಿಯ ಮೇಲೆ ಮೊಹರು ಬೀಳುತ್ತದೆ. ಜಿಲ್ಲೆಯ ಉಪನಿರ್ದೇಶಕರಿಗೆ (ಡಿಡಿಪಿಐ) ಕೊಟ್ಟಿದ್ದರೆ ಅಲ್ಲಿಂದ ಬಿಇಒಗೆ, ಜಿಲ್ಲಾಧಿಕಾರಿಗೆ ಕೊಟ್ಟಿದ್ದರೆ ಅಲ್ಲಿಂದ ಡಿಡಿಪಿಐಗೆ, ಮುಖ್ಯಮಂತ್ರಿಗೇ ಬರೆದಿದ್ದರೂ ಸುತ್ತಿ ಬಳಸಿ ಅದೇ ಬಿಇಒ ಕಚೇರಿಗೆ ‘ನಿಯಮಾನುಸಾರ ಕ್ರಮಕ್ಕಾಗಿ’ ಎಂಬ ಷರಾದೊಂದಿಗೆ ಇಳಿದು ಬರುತ್ತದೆ. ಬಿಇಒ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು (ಸಿಆರ್‌ಪಿ) ಕಳುಹಿಸುತ್ತಾರೆ. ಸಿಆರ್‌ಪಿ ಶಾಲೆಗೆ ಹೋಗಿ ಮುಖ್ಯ ಶಿಕ್ಷಕರ ಹತ್ತಿರ ಸಮಜಾಯಿಷಿ ಬರೆಸಿಕೊಂಡು ಬರುತ್ತಾರೆ. ‘ಸಮಸ್ಯೆ ಇರುವುದಿಲ್ಲ’ ಎಂದೋ ‘ಅನುದಾನ ಬಂದ ಕೂಡಲೇ ಸರಿಪಡಿಸಲಾಗುವುದು’ ಎಂದೋ ವರದಿ ಮೇಲಕ್ಕೆ ಹೋಗುತ್ತದೆ. ದೂರುದಾರರಿಗೆ ಹಿಂಬರಹ ಬಂದರೆ ಬಂತು. 2021ರಲ್ಲಿ ಬಂದ ಜನಸ್ಪಂದನ ವ್ಯವಸ್ಥೆಯಲ್ಲಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು, ಅದರ ಜಾಡನ್ನು ಮೊಬೈಲಿನಲ್ಲೇ ಹಿಡಿಯಬಹುದು. ಒಳ್ಳೆಯದೇ. ಆದರೆ ಕಂಪ್ಯೂಟರಿನ ಲೆಕ್ಕಕ್ಕೆ ಬೇಕಾದದ್ದು ಅರ್ಜಿಯ ವಿಲೇವಾರಿ. ನಲ್ಲಿಯಲ್ಲಿ ನೀರು ಬಂದರೂ ವಿಲೇವಾರಿ, ‘ಸಂಬಂಧಿಸಿದ ಇಲಾಖೆಗೆ ವರ್ಗಾಯಿಸಿದೆ’ ಎಂದು ಬರೆದರೂ ವಿಲೇವಾರಿ.

ಈ ಸುತ್ತಾಟದಲ್ಲಿ ಒಂದು ವಿಷಯ ಕಳೆದುಹೋಗುತ್ತದೆ: ದೂರುದಾರರನ್ನು ಎದುರು ಕೂರಿಸಿ ಅವರ ಮಾತು ಕೇಳಬೇಕು ಎಂಬ 32ನೇ ಸೆಕ್ಷನ್ನಿನ ಷರತ್ತು. ತನಿಖೆ ನಡೆದದ್ದೇ ದೂರು ಕೊಟ್ಟವರಿಗೆ ಗೊತ್ತಾಗುವುದಿಲ್ಲ. ಗೊತ್ತಾದಾಗ ಅವರ ಮಗು ಅದೇ ತರಗತಿಯಲ್ಲಿ, ಅದೇ ಮೇಷ್ಟರ ಮುಂದೆ ಕೂತಿರುತ್ತದೆ.

ಎಲ್ಲ ಕಾನೂನೂ ಇಷ್ಟು ಹಲ್ಲಿಲ್ಲದ್ದಲ್ಲ. ಬಿಸಿಯೂಟದ ವಿಷಯಕ್ಕೆ ಬನ್ನಿ. 2001ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ರಾಜಸ್ಥಾನದ ಹಸಿವಿನ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದಾಗ ಗೋದಾಮುಗಳಲ್ಲಿ ಧಾನ್ಯ ತುಂಬಿತ್ತು, ಊರುಗಳಲ್ಲಿ ಹೊಟ್ಟೆ ಖಾಲಿ ಇತ್ತು. ಆ ವರ್ಷದ ನವೆಂಬರ್ 28ರಂದು ನ್ಯಾಯಾಲಯ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಿ ಎಂದು ಆದೇಶಿಸಿತು. ಅದುವರೆಗೆ ಹಲವು ರಾಜ್ಯಗಳಲ್ಲಿ ಮಕ್ಕಳ ಕೈಗೆ ತಿಂಗಳಿಗೊಮ್ಮೆ ಒಣ ಧಾನ್ಯ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಿಂದ ಶುರುವಾದ ಅಕ್ಷರ ದಾಸೋಹ ಮರುವರ್ಷ ರಾಜ್ಯವನ್ನೆಲ್ಲ ತಲುಪಿತು. ಒಂದು ದೂರು ಕೋಟಿಗಟ್ಟಲೆ ಮಕ್ಕಳ ತಟ್ಟೆಗೆ ಅನ್ನ ತಂದ ಉದಾಹರಣೆ ದೇಶದಲ್ಲಿ ಇನ್ನೊಂದಿಲ್ಲ.

ಆ ಅನುಭವದಿಂದಲೋ ಏನೋ, ಊಟದ ನಿಯಮಗಳಿಗೆ ಸ್ವಲ್ಪ ಗಟ್ಟಿ ಬೆನ್ನೆಲುಬು ಸಿಕ್ಕಿದೆ. 2013ರ ಆಹಾರ ಭದ್ರತಾ ಕಾಯ್ದೆಯ ಅಡಿ 2015ರಲ್ಲಿ ಬಂದ ಬಿಸಿಯೂಟ ನಿಯಮಗಳು ಅಳತೆ ಹೇಳುತ್ತವೆ: ಐದನೇ ತರಗತಿವರೆಗಿನ ಮಗುವಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್, ಆರರಿಂದ ಎಂಟರವರೆಗೆ 700 ಕ್ಯಾಲೊರಿ, 20 ಗ್ರಾಂ. ಅಕ್ಕಿ ಬಂದಿಲ್ಲ, ಗ್ಯಾಸ್ ಮುಗಿದಿದೆ, ಅಡುಗೆಯವರು ಬಂದಿಲ್ಲ – ಕಾರಣ ಯಾವುದೇ ಇರಲಿ, ಊಟ ಸಿಗದ ದಿನಕ್ಕೆ ಅಷ್ಟೇ ಧಾನ್ಯ ಮತ್ತು ಅಡುಗೆ ವೆಚ್ಚವನ್ನು ಆಹಾರ ಭದ್ರತಾ ಭತ್ಯೆಯಾಗಿ ಮುಂದಿನ ತಿಂಗಳ 15ರೊಳಗೆ ಮಗುವಿಗೆ ಕೊಡಬೇಕು. ಸತತ ಮೂರು ಶಾಲಾ ದಿನ ಅಥವಾ ತಿಂಗಳಲ್ಲಿ ಐದು ದಿನ ಊಟ ತಪ್ಪಿದರೆ ಹೊಣೆ ಯಾರದೆಂದು ಸರ್ಕಾರ ಗೊತ್ತುಪಡಿಸಬೇಕು. ದೂರು ಕೇಳಲು ಶಾಲೆ ನಡೆಸುವವರ ಹೊರತಾದ ಜಿಲ್ಲಾ ಕುಂದುಕೊರತೆ ಅಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ. ಆ ಅಧಿಕಾರಿ ಹೇಳಿದ ಪರಿಹಾರವನ್ನು ಕಾರಣವಿಲ್ಲದೆ ಕೊಡದ ನೌಕರನಿಗೆ 5,000 ರೂಪಾಯಿವರೆಗೆ ದಂಡ.

ಗ್ಯಾಸ್ ಮುಗಿದ ದಿನದ ಊಟಕ್ಕೆ ಬದಲು ಭತ್ಯೆ ಕೇಳಬಹುದು ಎಂಬುದು ಎಷ್ಟು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ (ಎಸ್‌ಡಿಎಂಸಿ) ಗೊತ್ತು? ಶಾಲೆಯ ಗೋಡೆಯ ಮೇಲೆ ವಾರದ ಮೆನು ಬರೆದಿರುತ್ತಾರೆ. ಮೆನುವಿನಲ್ಲಿರುವುದು ಸಿಗದಿದ್ದರೆ ಯಾರಿಗೆ ಹೇಳಬೇಕು ಎಂಬ ಒಂದು ಸಾಲು ಅದರ ಕೆಳಗೆ ಇರುವುದಿಲ್ಲ.

ಬರವಣಿಗೆಯ ದೂರು ದಾರಿ ತಪ್ಪಿದಲ್ಲಿ ಮೊಬೈಲ್ ಕ್ಯಾಮೆರಾ ಬಂತು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಸ್ವಚ್ಛಗೊಳಿಸಿದ್ದು ರಾಜ್ಯಕ್ಕೆ ತಿಳಿದದ್ದು ವಿಡಿಯೊದಿಂದ. ಪ್ರಾಂಶುಪಾಲರೂ ಸೇರಿ ಕೆಲವರು ಅಮಾನತಾದರು, ಪೊಲೀಸ್ ಪ್ರಕರಣವಾಯಿತು. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಅಂಗನವಾಡಿಯೊಂದರಲ್ಲಿ ಮಕ್ಕಳ ತಟ್ಟೆಗೆ ಮೊಟ್ಟೆ ಇಟ್ಟು, ಚಿತ್ರ ತೆಗೆದ ಮೇಲೆ ಅವನ್ನು ವಾಪಸ್ ಎತ್ತಿಕೊಂಡ ದೃಶ್ಯ ಹರಿದಾಡಿತು. ಅಲ್ಲೂ ಸಿಬ್ಬಂದಿ ಅಮಾನತು. ಎರಡೂ ಕಡೆ ಕ್ರಮ ದಿನಗಳಲ್ಲಿ ಆಯಿತು.

ವಿಡಿಯೊದ ನ್ಯಾಯ ಚುರುಕು, ಆದರೆ ಅದರ ಕಣ್ಣು ಕುರುಡಲ್ಲದಿದ್ದರೂ ಸಮೀಪದೃಷ್ಟಿಯದು. ಚಿತ್ರದಲ್ಲಿ ಕಂಡವರು ಸಿಕ್ಕಿಬೀಳುತ್ತಾರೆ. ವಸತಿ ಶಾಲೆಗಳ ಸ್ವಚ್ಛತೆಗೆ ಆಳು ಎಷ್ಟು, ಹಣ ಎಷ್ಟು, ಗುಂಡಿ ತುಂಬಿದರೆ ಯಾರಿಗೆ ಹೇಳಬೇಕು, ಹೇಳಿದ್ದರೇ, ಹೇಳಿದ್ದಕ್ಕೆ ಮೇಲಿನಿಂದ ಏನು ಉತ್ತರ ಬಂದಿತ್ತು ಎಂಬ ಪ್ರಶ್ನೆಗಳು ಅಮಾನತಿನ ಆದೇಶದ ಜೊತೆಗೇ ಮುಚ್ಚಿಹೋಗುತ್ತವೆ. ಸರಿಯಾಗಿ ವಿಚಾರಿಸಿದ ದೂರು ಕೇಳಬೇಕಾದದ್ದು ಇವನ್ನೇ. ಮಕ್ಕಳ ಮುಖ ಊರೆಲ್ಲ ಹರಿದಾಡುವುದು ಬೇರೆ ಅನ್ಯಾಯ.

ಹೆಸರು ಹೇಳಿ ದೂರು ಕೊಡಲು ಜನ ಹೆದರುತ್ತಾರೆ. ಹಾಗಾಗಿ ಮೂಗರ್ಜಿ. ಸಹಿಯಿಲ್ಲದ ಅರ್ಜಿಯನ್ನು ವಿಚಾರಿಸಬೇಕಿಲ್ಲ ಎಂಬುದು ಸರ್ಕಾರಿ ಕಚೇರಿಗಳ ಹಳೆಯ ರೂಢಿ. ಅದಕ್ಕೆ ಕಾರಣವೂ ಇದೆ. ವರ್ಗಾವಣೆಯ ಸಿಟ್ಟು, ಎಸ್‌ಡಿಎಂಸಿ ಅಧ್ಯಕ್ಷಗಿರಿಯ ಜಗಳ, ಊರಿನ ಎರಡು ಬಣಗಳ ಹಗೆ ಇವೆಲ್ಲ ಮೂಗರ್ಜಿಯ ವೇಷದಲ್ಲಿ ಬರುತ್ತವೆ. ಆದರೆ ‘ಶೌಚಾಲಯಕ್ಕೆ ಬಾಗಿಲಿಲ್ಲ’ ಎಂಬ ದೂರಿಗೆ ಸಹಿ ಯಾಕೆ ಬೇಕು? ಹೋಗಿ ನೋಡಿದರೆ ಬಾಗಿಲು ಇದೆಯೋ ಇಲ್ಲವೋ ಕಾಣುತ್ತದೆ. ವ್ಯಕ್ತಿಯ ಮೇಲಿನ ಆರೋಪ ಬೇರೆ, ಕಟ್ಟಡದ ಮೇಲಿನ ದೂರು ಬೇರೆ ಎಂಬ ಸಣ್ಣ ವಿವೇಕವನ್ನು ನಮ್ಮ ಟಪಾಲು ವಿಭಾಗಗಳು ಇನ್ನೂ ಕಲಿಯಬೇಕಿದೆ.

ಇದನ್ನು ಕಲಿತ ನಾಡೊಂದಿದೆ, ಬಹಳ ದೂರದಲ್ಲಿ. ಅಮೆರಿಕದ ಫ್ರೀಮಾಂಟ್, ಸನ್ನಿವೇಲ್ ಕಡೆ ನೆಲೆಸಿ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳುಹಿಸುವ ಕನ್ನಡಿಗರು ತರಗತಿಯ ಗೋಡೆಯಲ್ಲಿ ಒಂದು ನೋಟಿಸನ್ನು ನೋಡಿರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 2000ನೇ ಇಸವಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಿದ್ಯಾರ್ಥಿಗಳು, ಪಠ್ಯಪುಸ್ತಕ ಸಾಕಷ್ಟಿಲ್ಲ, ಕಟ್ಟಡ ಸುರಕ್ಷಿತವಿಲ್ಲ, ತಕ್ಕ ಶಿಕ್ಷಕರಿಲ್ಲ ಎಂದು ರಾಜ್ಯದ ಮೇಲೆ ದಾವೆ ಹೂಡಿದರು. ವಿಲಿಯಮ್ಸ್ ಪ್ರಕರಣವೆಂದು ಹೆಸರಾದ ಅದು 2004ರಲ್ಲಿ ರಾಜಿಯಾಯಿತು. ರಾಜಿಯ ಒಂದು ಫಲ ಈ ನೋಟಿಸು: ಪುಸ್ತಕ ಇಲ್ಲದಿದ್ದರೆ, ಶೌಚಾಲಯ ಕೆಟ್ಟಿದ್ದರೆ, ತರಗತಿಗೆ ಶಿಕ್ಷಕರಿಲ್ಲದಿದ್ದರೆ ದೂರಿನ ನಮೂನೆ ಎಲ್ಲಿ ಸಿಗುತ್ತದೆ ಎಂದು ಪ್ರತಿ ತರಗತಿಯಲ್ಲಿ ಬರೆದಿರಬೇಕು. ಹೆಸರು ಬರೆಯಬೇಕಿಲ್ಲ. ಸಮಸ್ಯೆಯನ್ನು 30 ಕೆಲಸದ ದಿನಗಳೊಳಗೆ ಸರಿಪಡಿಸಬೇಕು. ಯಾವ ಬಗೆಯ ದೂರು ಎಷ್ಟು ಬಂತು, ಎಷ್ಟು ಬಗೆಹರಿಯಿತು ಎಂದು ಮೂರು ತಿಂಗಳಿಗೊಮ್ಮೆ ಶಾಲಾ ಮಂಡಳಿಯ ಬಹಿರಂಗ ಸಭೆಯಲ್ಲಿ ಹೇಳಬೇಕು. ಅಲ್ಲಿಯ ಶಾಲೆಗಳೆಲ್ಲ ಇದರಿಂದ ಸ್ವರ್ಗವಾದವೆಂದಲ್ಲ. ಬೇರೆ ಬೇರೆ ಬಗೆಯ ದೂರಿಗೆ ಬೇರೆ ಬೇರೆ ದಾರಿ ಮಾಡಿ, ಆ ದಾರಿಯನ್ನು ಗೋಡೆಯ ಮೇಲೆ ಬರೆದರು, ಅಷ್ಟೇ. ಬಣ್ಣದ ಡಬ್ಬಿ, ಕುಂಚ ನಮ್ಮಲ್ಲೂ ಸಿಗುತ್ತವೆ.

ನಮ್ಮಲ್ಲಿ ಇದಕ್ಕೆ ಹತ್ತಿರ ಬರುವುದು ಮಕ್ಕಳ ಗ್ರಾಮಸಭೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ 2006ರಿಂದ ನಡೆದುಬಂದ ಈ ಸಭೆಯಲ್ಲಿ ಮಕ್ಕಳೇ ಎದ್ದುನಿಂತು ಮಾತಾಡುತ್ತಾರೆ. ಸಾಮಾನ್ಯವಾಗಿ ನವೆಂಬರ್ ಆಚೀಚೆ ಸಭೆ. ಶೌಚಾಲಯಕ್ಕೆ ನೀರಿಲ್ಲ, ಶಾಲೆಗೆ ಕಾಂಪೌಂಡಿಲ್ಲ, ಸಂಜೆ ಬಸ್ಸಿಲ್ಲ, ದಾರಿಯಲ್ಲಿ ಮದ್ಯದಂಗಡಿ, ಬೀದಿ ನಾಯಿ. ದೊಡ್ಡವರು ಹೇಳಲು ಹಿಂಜರಿಯುವುದನ್ನು ಏಳನೇ ತರಗತಿಯ ಹುಡುಗಿ ಮೈಕಿನಲ್ಲಿ ಹೇಳಿಬಿಡುತ್ತಾಳೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬರೆದುಕೊಳ್ಳುತ್ತಾರೆ. ಪಂಚಾಯಿತಿಯ ಕೈಯಲ್ಲಿರುವ ನಲ್ಲಿ, ಬಲ್ಬು, ಚರಂಡಿಯ ಕೆಲಸ ಹಲವೆಡೆ ಆಗುತ್ತದೆ. ಶಿಕ್ಷಕರ ಹುದ್ದೆ, ಕೊಠಡಿ, ಬಸ್ಸಿನ ವಿಷಯ ಬಂದರೆ ‘ಇಲಾಖೆಗೆ ಬರೆಯಲಾಗಿದೆ’. ಮರುವರ್ಷದ ಸಭೆಯಲ್ಲಿ ಅದೇ ಹುಡುಗಿ ಅದೇ ಪ್ರಶ್ನೆ ಕೇಳುತ್ತಾಳೆ, ಅಥವಾ ಅವಳು ಹೈಸ್ಕೂಲಿಗೆ ಹೋಗಿ ತಂಗಿ ಕೇಳುತ್ತಾಳೆ.

ಎಸ್‌ಡಿಎಂಸಿ ಇನ್ನೂ ಹಳೆಯದು, 2001ರಿಂದ ಇದೆ. ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಕಾಲದ ಕೂಸು. ಆಮೇಲೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದಿತು. ಕಾಗದದ ಮೇಲೆ ಇದು ಪಾಲಕರದೇ ಆಡಳಿತ. ಆದರೆ ಅನುದಾನದ ಬಳಕೆಯ ಉಸ್ತುವಾರಿಯೂ ಇದೇ ಸಮಿತಿಯದು. ಹಾಗಾಗಿ ಹಣದ ಬಗ್ಗೆ ದೂರು ಎದ್ದರೆ ಅದು ಸಮಿತಿಯ ಮೇಲೇ ಬರುತ್ತದೆ, ವಿಚಾರಿಸುವವರು ಮತ್ತೆ ಒಳಗಿನವರೇ.

ಇಲ್ಲಿ ಶಿಕ್ಷಕರ ಕಡೆಯ ಮಾತನ್ನೂ ಹೇಳಬೇಕು. ಸಮವಸ್ತ್ರ ಬರಲಿಲ್ಲವೆಂದು ಬೈಗುಳ ತಿನ್ನುವವರು ಮುಖ್ಯ ಶಿಕ್ಷಕರು. ಟೆಂಡರ್ ತಡಮಾಡಿದವರ ಮುಖ ಪಾಲಕರು ನೋಡುವುದೇ ಇಲ್ಲ. ‘ಮೇಷ್ಟ್ರು ತರಗತಿಯಲ್ಲಿ ಇರುವುದಿಲ್ಲ’ ಎಂಬ ದೂರು ಬಂದಾಗ ಅವರು ಎಲ್ಲಿದ್ದರು ಎಂದೂ ಕೇಳಬೇಕು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಆದರೂ ರಾಜ್ಯದ 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆಮನೆ ಸುತ್ತಿದರು. ಅದಕ್ಕಾಗಿಯೇ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಕಳೆದುಹೋದ ಪಾಠದ ದಿನಗಳ ಬಗ್ಗೆ ಪಾಲಕರೊಬ್ಬರು ದೂರು ಬರೆದರೆ ಅದು ಯಾರ ಮೇಲೆ? ಶಿಕ್ಷಕರ ಮೇಲಂತೂ ಅಲ್ಲ. ಸುಳ್ಳು ದೂರಿಗೆ ಸಿಕ್ಕಿ ವರ್ಷಗಟ್ಟಲೆ ವಿಚಾರಣೆ ಎದುರಿಸಿದ ಶಿಕ್ಷಕರೂ ಇದ್ದಾರೆ. ಎರಡೂ ಕಡೆಯವರ ಮಾತು ಕೇಳಿ, ಕಾರಣ ಬರೆದು, ಗಡುವಿನೊಳಗೆ ತೀರ್ಮಾನಿಸುವ ವ್ಯವಸ್ಥೆ ಇದ್ದರೆ ಮೊದಲು ಉಸಿರಾಡುವವರು ಅವರೇ.

ಒಂದು ಬಗೆಯ ದೂರು ಮಾತ್ರ ಈ ಯಾವ ಮೇಜಿಗೂ ಹೋಗುವಂತಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ನಿನಲ್ಲಿ ಇದು ಕಡ್ಡಾಯ; ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು. ‘ಶಾಲೆಯ ಮರ್ಯಾದೆ ಹೋಗುತ್ತದೆ, ಇಲ್ಲೇ ಬಗೆಹರಿಸೋಣ’ ಎನ್ನುವ ಊರ ಹಿರಿಯರ ರಾಜಿ ಪಂಚಾಯಿತಿ ಅಪರಾಧವನ್ನು ಮುಚ್ಚುವ ಕೆಲಸವೇ. ಮಕ್ಕಳು ನೇರವಾಗಿ 1098ಕ್ಕೆ ಕರೆ ಮಾಡಬಹುದು.

ಶಾಲೆ ದಾಟಿ ಕಾಲೇಜಿಗೆ ಹೋದವರ ದೂರು ಹೆಚ್ಚಾಗಿ ವಿದ್ಯಾರ್ಥಿವೇತನದ್ದು. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಿದ ವಿದ್ಯಾರ್ಥಿಗೆ ಹಣ ಬಾರದಿದ್ದರೆ ಕಾಲೇಜಿನವರು ಇಲಾಖೆಯತ್ತ ಕೈ ತೋರಿಸುತ್ತಾರೆ, ಇಲಾಖೆಯವರು ಬ್ಯಾಂಕಿನತ್ತ, ಬ್ಯಾಂಕಿನವರು ಆಧಾರ್ ಜೋಡಣೆಯತ್ತ. ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ, ಅಲ್ಪಸಂಖ್ಯಾತರ ಇಲಾಖೆ ಎಂದು ಹಂಚಿಹೋದ ಹಣಕ್ಕೆ ದೂರಿನ ಬಾಗಿಲೂ ಹಂಚಿಹೋಗಿದೆ. ಕಾಲೇಜಿನ ಬೇರೆ ದೂರುಗಳಿಗೆ ಯುಜಿಸಿ 2023ರ ಏಪ್ರಿಲ್‌ನಲ್ಲಿ ನಿಯಮ ತಂದಿತು: ಪ್ರತಿ ಕಾಲೇಜಿನಲ್ಲಿ ವಿದ್ಯಾರ್ಥಿ ಕುಂದುಕೊರತೆ ಸಮಿತಿ, 15 ಕೆಲಸದ ದಿನಗಳಲ್ಲಿ ವರದಿ, ಅತೃಪ್ತರಿಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್ ಮುಂದೆ ಮೇಲ್ಮನವಿ, ಅಲ್ಲಿ 30 ದಿನ. ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರಂಥ, ಸಂಸ್ಥೆಯ ಸಂಬಳ ಪಡೆಯದವರು ಈ ಹುದ್ದೆಯಲ್ಲಿರಬೇಕು. ನೇಮಕ ಮಾಡದ ವಿಶ್ವವಿದ್ಯಾಲಯಗಳ ಪಟ್ಟಿಯನ್ನು 2024ರಲ್ಲಿ ಯುಜಿಸಿಯೇ ಪ್ರಕಟಿಸಬೇಕಾಯಿತು. ಆದರೂ ವಿಚಾರಿಸುವವರು ಹೊರಗಿನವರಾಗಿರಲಿ ಎಂಬ ತತ್ವ ಅಲ್ಲಿ ಒಪ್ಪಿತವಾಗಿದೆ. ಇಪ್ಪತ್ತು ವರ್ಷದ ಯುವಕನಿಗೆ ಸಿಕ್ಕ ಈ ಅನುಕೂಲ ಎಂಟು ವರ್ಷದ ಮಗುವಿಗೆ ಸಿಕ್ಕಿಲ್ಲ.

ಸದ್ಯಕ್ಕೆ ಪಾಲಕರು ಮಾಡಬಹುದಾದದ್ದು ಇಷ್ಟು. ದೂರನ್ನು ಬಾಯಲ್ಲಿ ಹೇಳಿ ಬರಬೇಡಿ, ಬರೆಯಿರಿ. ಅರ್ಜಿಯ ತಲೆಯಲ್ಲಿ ‘ಶಿಕ್ಷಣ ಹಕ್ಕು ಕಾಯ್ದೆ 2009ರ ಸೆಕ್ಷನ್ 32ರ ಅಡಿ ದೂರು’ ಎಂದು ಕಾಣಿಸಿ. ಹಾಗೆ ಬರೆಯದ ಅರ್ಜಿ ಮನವಿಯಾಗಿ ಉಳಿದುಬಿಡುತ್ತದೆ. ಒಂದು ಅರ್ಜಿಗೆ ಒಂದೇ ವಿಷಯ. ‘ಶಾಲೆ ಸರಿಯಿಲ್ಲ’ ಎನ್ನುವ ಬದಲು ಯಾವ ದಿನದಿಂದ ಯಾವ ತರಗತಿಗೆ ಯಾವ ಶಿಕ್ಷಕರ ಹುದ್ದೆ ಖಾಲಿ, ಎಷ್ಟು ಮಕ್ಕಳಿಗೆ ಎಷ್ಟು ಶೌಚಾಲಯ, ಏನು ಆಗಬೇಕು ಎಂದು ಬರೆಯಿರಿ. ಒಬ್ಬರೇ ಸಹಿ ಹಾಕುವುದಕ್ಕಿಂತ ಹತ್ತು ತಾಯಂದಿರು ಸೇರಿ ಹಾಕಿದರೆ ಒಂದು ಮಗುವಿನ ಮೇಲೆ ಯಾರ ಕಣ್ಣೂ ಬೀಳದು. ಕಚೇರಿಯಲ್ಲಿ ಸ್ವೀಕೃತಿ ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಮೂರು ತಿಂಗಳು ಕಳೆದರೂ ಉತ್ತರ ಇಲ್ಲದಿದ್ದರೆ, ಆ ದೂರಿನ ಮೇಲೆ ಯಾವ ದಿನ ಏನು ಕ್ರಮವಾಯಿತೆಂದು ಕಡತದ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಆ ಅರ್ಜಿ 150 ಪದ ಮೀರಬಾರದು. ಆ ಕಾಗದಗಳೊಂದಿಗೆ ಮಕ್ಕಳ ಹಕ್ಕುಗಳ ಆಯೋಗಕ್ಕೆ ಹೋಗಿ.

ಇದೆಲ್ಲ ಕೂಲಿ ಬಿಟ್ಟು ಮಾಡಬೇಕಾದ ಕೆಲಸ. ಎಲ್ಲ ಪಾಲಕರಿಂದಲೂ ಆಗದು, ಆಗಬೇಕೆಂದು ನಿರೀಕ್ಷಿಸುವುದೂ ತಪ್ಪು. 2013ರಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಬಂದ ಪತ್ರಿಕಾ ವರದಿಯೊಂದನ್ನೇ ದೂರೆಂದು ಪರಿಗಣಿಸಿ ಹೈಕೋರ್ಟ್ ಸ್ವಯಂಪ್ರೇರಿತ ಪ್ರಕರಣ ದಾಖಲಿಸಿಕೊಂಡಿತ್ತು. ಅದರ ಫಲವಾಗಿ ರಾಜ್ಯದ ನಿಯಮ ಬದಲಾಗಿ, ತಿಳಿಸದೆ ಏಳು ದಿನ ಬಾರದ ಮಗುವನ್ನು ಹುಡುಕಿಕೊಂಡು ಹೋಗಬೇಕೆಂದಾಯಿತು. ಹಿಂದೆ ಅದಕ್ಕೆ 60 ದಿನ ಕಾಯುತ್ತಿದ್ದರು. ಆ ಮಕ್ಕಳ ಅಪ್ಪ ಅಮ್ಮ ಯಾರೂ ಅರ್ಜಿ ಬರೆದಿರಲಿಲ್ಲ. ಬರೆಯಲಾರದವರ ಪರವಾಗಿ ವ್ಯವಸ್ಥೆಯೇ ಕಿವಿ ತೆರೆದಿರಬೇಕು.

ಹೀಗಾಗಿ ಕೇಳಬೇಕಾದದ್ದು ಸರ್ಕಾರವನ್ನೇ. ಪ್ರತಿ ತಾಲ್ಲೂಕಿನಲ್ಲಿ ಬಿಇಒ ಅಧೀನದಲ್ಲಿಲ್ಲದ ಒಬ್ಬ ಕುಂದುಕೊರತೆ ಅಧಿಕಾರಿ ಇರಲಿ. ಊಟದ ವಿಷಯಕ್ಕೆ ಇರುವುದು ಪಾಠದ ವಿಷಯಕ್ಕೆ ಯಾಕಿರಬಾರದು? ಅವರ ಹೆಸರು, ಫೋನ್ ಸಂಖ್ಯೆ ಬಿಸಿಯೂಟದ ಮೆನುವಿನ ಪಕ್ಕ ಬರೆಸಲಿ. ಬಂದ ದೂರು, ಕೊಟ್ಟ ತೀರ್ಮಾನಗಳನ್ನು ಗ್ರಾಮಸಭೆಯಲ್ಲಿ ಓದಲಿ. ಮೂರು ತಿಂಗಳು ಮೀರಿದರೆ ಮಾಹಿತಿ ಹಕ್ಕಿನಲ್ಲಿರುವಂತೆ ದಂಡ ಬೀಳಲಿ. ದಂಡಕ್ಕೆ ಮಾತ್ರ ಕಾಯ್ದೆಗೇ ತಿದ್ದುಪಡಿ ಬೇಕಾದೀತು. ಉಳಿದವುಗಳಿಗೆ ರಾಜ್ಯ ಸರ್ಕಾರ ದೆಹಲಿಯತ್ತ ನೋಡಬೇಕಿಲ್ಲ. ಕಾಯ್ದೆಯ 38ನೇ ಸೆಕ್ಷನ್ ನಿಯಮ ಮಾಡುವ ಅಧಿಕಾರವನ್ನು ಅದಕ್ಕೇ ಕೊಟ್ಟಿದೆ.